ನೆರಳಿಲ್ಲದವನ ಅಳತೆ

ಆ ಊರಿನಲ್ಲಿ ಸೂರ್ಯ ಮುಳುಗುತ್ತಿರಲಿಲ್ಲ. ಯಾಕೆ ಎಂದು ನೀವು ಕೇಳಬಹುದು. ಆ ಊರಿನವರೇ ಯಾವತ್ತೂ ಕೇಳಿದವರಲ್ಲ, ಹಾಗಾಗಿ ನನಗೂ ಗೊತ್ತಿಲ್ಲ. ಹೊರಟು ನಿಂತೂ ಹೊಸ್ತಿಲು ದಾಟದ ನೆಂಟನ ಹಾಗೆ ಅವನು ಪಡುವಣದಲ್ಲಿ ನಿಂತೇ ಇದ್ದ, ಅವನ ಬಿಸಿಲು ಬೀಳುತ್ತಲೇ ಇತ್ತು. ಗೋಡೆಗೆ ನೆರಳಿರಲಿಲ್ಲ. ಮರಕ್ಕೆ ನೆರಳಿರಲಿಲ್ಲ. ಬಂಡೆಗೆ ನೆರಳಿರಲಿಲ್ಲ. ಬಿಸಿಲು ಅವೆಲ್ಲವನ್ನೂ ತೂರಿಕೊಂಡು ಬರುತ್ತಿತ್ತು. ನೆರಳು ಇದ್ದದ್ದು ಮನುಷ್ಯರಿಗೆ ಮಾತ್ರ.

ತನ್ನ ನೆರಳಿನಲ್ಲಿ ತಾನೇ ಕೂರಲು ಯಾರಿಗೂ ಆಗುವುದಿಲ್ಲವಲ್ಲ. ಹಾಗಾಗಿ ಆ ಊರಿನಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲುತ್ತಿದ್ದರು. ಹೆಂಡತಿ ಉಣ್ಣುವಾಗ ಗಂಡ ನಿಲ್ಲುವನು, ಗಂಡ ಉಣ್ಣುವಾಗ ಹೆಂಡತಿ ನಿಲ್ಲುವಳು. ಕೂಸು ಮಲಗಿದರೆ ಅಜ್ಜಿ ನಿಲ್ಲುವಳು, ಅಜ್ಜಿ ಒರಗಿದರೆ ಮಗಳು. ಬೇಲಿಯ ತಂಟೆಗೆ ಹಾವು ಮುಂಗುಸಿಯಾದವರೂ ಬೈಯುತ್ತ ಬೈಯುತ್ತಲೇ ಒಬ್ಬರಿಗೊಬ್ಬರು ನಿಲ್ಲುತ್ತಿದ್ದರು. ಬೈಗುಳ ಬೇರೆ, ನೆರಳು ಬೇರೆ.

ಯಾರು ಯಾವಾಗ ನಿಲ್ಲಬೇಕು, ಯಾವಾಗ ಒರಗಬೇಕು ಎಂದು ಸಾರುವವಳು ಡಂಗುರದವಳು. ಇರುಳೇ ಇಲ್ಲದ ಊರಿಗೆ ಅವಳ ಪೆಟ್ಟೇ ಇರುಳು, ಅವಳ ಪೆಟ್ಟೇ ಬೆಳಗು. ಗಟ್ಟಿ ಗಂಟಲಿನ ಹೆಂಗಸು. ಅವಳು ಪಿಸುಗುಟ್ಟಿದರೂ ಪಕ್ಕದ ಬೀದಿಗೆ ಕೇಳುತ್ತದೆ ಎಂದು ಜನ ನಗುತ್ತಿದ್ದರು. ಏಳುವ ಪೆಟ್ಟಿನ ನಂತರ ಚೌಕದ ಕಟ್ಟೆ ಹತ್ತಿ ಅವಳು ಊರಿನ ಕಟ್ಟಳೆಗಳನ್ನು ಸಾರುತ್ತಿದ್ದಳು.

"ಕೇಳ್ರಪ್ಪೋ ಕೇಳ್ರಿ! ನೆರಳಿಲ್ಲದವನಿಗೆ ನೆರಳಿಲ್ಲ! ಅವನ ಹತ್ರ ನಿಂತವರ ನೆರಳನ್ನೂ ಅವನು ಹೀರ್ತಾನೆ! ನೆರಳಿಲ್ಲದವನು ಸತ್ರೆ, ಹತ್ರ ಸಿಕ್ಕವರೇ ಕೊಂದವರು!"

ವರ್ಷಗಟ್ಟಲೆ ಸಾರಿದ್ದಳು. ಮಾತು ನಾಲಿಗೆಗೆ ಎಷ್ಟು ರೂಢಿಯಾಗಿತ್ತೆಂದರೆ ಅದು ಅವಳ ಕಿವಿಗೇ ಬೀಳುವುದು ನಿಂತುಹೋಗಿತ್ತು. ಬಾವಿಯ ಕಲ್ಲು ಜಾರಿ ಅವಳ ತಮ್ಮನ ಬೆನ್ನಿನ ಮೇಲೆ ಬೀಳುವವರೆಗೆ ಹಾಗೇ ಇತ್ತು.

ತಮ್ಮ ಬಾವಿ ತೋಡುವವನು. ನಗುಮುಖದವನು, ಹಾಡುತ್ತ ಅಗೆಯುವವನು. ಅವನು ನಿಂತರೆ ಹಾಸಿದ ಚಾಪೆಯಷ್ಟು ಅಗಲದ ನೆರಳು ಬೀಳುತ್ತಿತ್ತು, ದಣಿದ ಹೆಂಗಸರು ಹುಡುಕಿಕೊಂಡು ಬಂದು ಅದರಲ್ಲಿ ಕೂರುತ್ತಿದ್ದರು. ಕಲ್ಲು ಬಿದ್ದ ಮೇಲೆ ಅವನ ಬೆನ್ನು ಉರಿಯಿತು. ಅಕ್ಕ ನಿಂತಳು, ಉರಿ ಇಳಿಯಲಿಲ್ಲ. ಅವನ ಜೊತೆ ಬಾವಿಗಿಳಿಯುತ್ತಿದ್ದ ಹಗ್ಗದವನು ನಿಂತ, ಉರಿ ಇಳಿಯಲಿಲ್ಲ. ಹೊರಗಿನ ನೆರಳು ಚರ್ಮದವರೆಗೆ ಮುಟ್ಟುತ್ತಿತ್ತು, ಉರಿ ಇದ್ದದ್ದು ಒಳಗೆ.

ಆಗ ಬಂದವನು ತಂಪಿನವನು. ಊರಾಚೆ, ಬೇಲಿ ಕಟ್ಟಿದ ಹಿತ್ತಿಲಿನಲ್ಲಿ ತಂಪು ತುಂಬಿದ ಬಿಳಿಯ ಗಡಿಗೆ ಇಟ್ಟುಕೊಂಡು ಕೂತಿರುತ್ತಿದ್ದ. ಬಲು ಮೆದು ಮಾತು.

"ಇದು ಕುಡಿಯೋ ನೆರಳು ಕಣಪ್ಪ," ಎಂದ. "ಒಂದು ಗುಟುಕು. ಇವತ್ತು ನನ್ನ ಕಡೆಯಿಂದ. ನೋವಿರೋನ ಹತ್ರ ಯಾರಾದ್ರೂ ಬೆಲೆ ಕೇಳ್ತಾರಾ?"

ತಮ್ಮ ಕುಡಿದ. ಗಂಟಲಿನಲ್ಲಿ ಕತ್ತಲು ಇಳಿಯಿತು, ಎದೆಯಲ್ಲಿ ಹರಡಿತು, ಬೆನ್ನನ್ನು ತಬ್ಬಿತು. ಸತ್ತ ತಾಯಿ ಎದ್ದು ಬಂದು ಅವನ ಒಳಗೇ ನಿಂತಂತೆ ಆಯಿತು. ನೋವು ಹೋಯಿತು. ನೋವಿನ ಜೊತೆ ಚಿಂತೆ ಹೋಯಿತು, ಅವಸರ ಹೋಯಿತು, ನಾಳೆ ಎಂಬುದೂ ಹೋಯಿತು. ಇಷ್ಟು ಸುಖ ಇದೆ ಎಂದು ತನಗೆ ಯಾರೂ ಹೇಳಲಿಲ್ಲವಲ್ಲ ಎಂದು ಅವನಿಗೆ ಅಳು ಬಂತು. ಇದನ್ನು ನಾನು ಮುಚ್ಚಿಡುವುದಿಲ್ಲ. ತಂಪು ಕಹಿಯಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮುಂದಿನ ಸಲ ತಂಪಿನವನು ಕತ್ತರಿ ತೆಗೆದ. ತಮ್ಮನ ನೆರಳಿನ ಅಂಚಿನಲ್ಲಿ ಒಂದು ಎಳೆ ಕತ್ತರಿಸಿ ಸುತ್ತಿ ಇಟ್ಟುಕೊಂಡ. ಎಳೆ ಹೋದರೇನು, ಅಷ್ಟು ಅಗಲದ ನೆರಳು! ಅದರ ಮುಂದಿನ ಸಲ ಇನ್ನೊಂದು ಎಳೆ. ಎಷ್ಟೆಷ್ಟು ನೆರಳು ಹೋಯಿತೋ, ಅದು ಇದ್ದ ಕಡೆ ಅವನೊಳಗೆ ಅಷ್ಟಷ್ಟು ಗುಂಡಿ ಬಿತ್ತು. ಮೊದಲು ಒಂದು ಗುಟುಕಿಗೆ ತುಂಬುತ್ತಿದ್ದವನು ಈಗ ಅರ್ಧ ಬಟ್ಟಲು ಕುಡಿಯಬೇಕಾಯಿತು. ಗುಂಡಿ ಹಿರಿದಾಯಿತು, ಬಟ್ಟಲು ತುಂಬಿತು. ಸುಖ ಬಹಳ ಹಿಂದೆಯೇ ಎದ್ದು ಹೋಗಿತ್ತು. ಈಗ ಅವನು ಕುಡಿಯುತ್ತಿದ್ದದ್ದು ಸುಡದೆ ಇರುವುದಕ್ಕೆ, ಅಷ್ಟೇ. ಬಾವಿ ತೋಡುತ್ತಿದ್ದವನು ತನ್ನನ್ನೇ ತೋಡಿಕೊಳ್ಳುತ್ತಿದ್ದ.

ಒಂದು ದಿನ ಅವನು ಚೌಕ ದಾಟುವಾಗ ಜನ ನೆಲ ನೋಡಿದರು. ಅವನ ಕಾಲ ಬುಡದಲ್ಲಿ ಏನೂ ಇರಲಿಲ್ಲ. ಕಟ್ಟೆಯ ಮೇಲೆ ಅಕ್ಕ, "ನೆರಳಿಲ್ಲದವನಿಗೆ..." ಎಂದು ಸಾರುತ್ತಿದ್ದಳು. ಅಲ್ಲಿಗೇ ನಿಲ್ಲಿಸಿದಳು. ಅವಳ ಮಾತು ಅರ್ಧಕ್ಕೆ ನಿಂತದ್ದನ್ನು ಊರು ಕಂಡದ್ದು ಅದೇ ಮೊದಲು.

ಊರಿನ ಹಿರಿಯ ಕೋಲು ಊರಿಕೊಂಡು ಬಂದ. ಕೆಟ್ಟವನೇನಲ್ಲ, ಹೆದರಿದವನು. ಹೆದರಿಕೆಗೆ ಮುಂಡಾಸು ಸುತ್ತಿದರೆ ಹಿರಿತನದ ಹಾಗೇ ಕಾಣುತ್ತದೆ.

"ಪೂರ್ತಿ ಸಾರಮ್ಮ," ಎಂದ. "ಊರಿಗೆಲ್ಲ ಒಂದು, ನಿನ್ನ ಮನೆಗೆ ಒಂದಾ?"

ಅವಳು ಪೂರ್ತಿ ಸಾರಿದಳು. ಸಾರಿದ ಮೇಲೆ ಇಳಿದು ಹೋಗಿ ತಮ್ಮನ ಕೈ ಹಿಡಿದು ಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

ಬಾಗಿಲ ಹಿಂದೆ ಅವನು ಬೆಂದ. ತಂಪು ಇಲ್ಲದ ಮೈಗೆ ಬಿಸಿಲು ಮೂಳೆಯವರೆಗೂ ಇಳಿಯಿತು. ಆ ಬಿಸಿಲಿನಲ್ಲೂ ಅವನ ಮೈ ಚಳಿಗೆ ನಡುಗಿತು, ರೋಮ ನಿಮಿರಿ ನಿಂತವು, ಕಣ್ಣು ಮೂಗು ಸುರಿದವು, ಹೊಟ್ಟೆಯಲ್ಲಿದ್ದದ್ದು ನಿಲ್ಲಲಿಲ್ಲ. ಒಂದೇ ಒಂದು ಗುಟುಕು ಎಂದು ಕಾಲು ಹಿಡಿದ. ಕೊಡದಿದ್ದಾಗ ಕೇಳಬಾರದ ಮಾತು ಆಡಿದ. ಅವಳು ನಿಂತೇ ಇದ್ದಳು. ಸಾರುವುದಕ್ಕೆ ಹೋದಾಗ ಹೋದಳು, ಬಂದು ಮತ್ತೆ ನಿಂತಳು. ತಾನು ಸಾರಿದ ಕಟ್ಟಳೆಯನ್ನು ತಾನೇ ಮುರಿದು, ತನ್ನ ಉದ್ದನೆಯ ನೆರಳನ್ನು ಅವನ ಮೇಲೆ ಹೊದಿಸಿ ನಿಂತಳು. ಅವನು ಅದನ್ನು ಹೀರಲಿಲ್ಲ. ಅವಳು ದಿನವೂ ಬಗ್ಗಿ ನೋಡಿಕೊಂಡಳು, ನೆರಳು ಕೂದಲೆಳೆಯಷ್ಟೂ ಕಮ್ಮಿಯಾಗಿರಲಿಲ್ಲ. 'ಹಾಗಾದ್ರೆ ನಾನು ಇಷ್ಟು ವರ್ಷ ಏನು ಸಾರಿದೆ?' ಎಂದು ಅವಳಿಗೆ ಸಿಟ್ಟು ಬಂತು. ಮೊದಲು ಹಿರಿಯನ ಮೇಲೆ, ಆಮೇಲೆ ತನ್ನ ಮೇಲೆ.

ಕೊನೆಗೆ ಉರಿ ಇಳಿಯಿತು. ತಮ್ಮನ ಹಿಮ್ಮಡಿಯಲ್ಲಿ ಬೆರಳುದ್ದದ ನೆರಳು ಚಿಗುರಿತು. ಆಮೇಲೆ ಗೇಣುದ್ದವಾಯಿತು. ಒಳಗಿನ ಗುಂಡಿ ಮೆಲ್ಲಮೆಲ್ಲನೆ ಮುಚ್ಚಿಕೊಳ್ಳುತ್ತಿತ್ತು. ಅಕ್ಕನ ಸಂತೋಷಕ್ಕೆ ಊರೇ ಸಣ್ಣದಾಯಿತು. "ಮುಗೀತು! ನನ್ನ ತಮ್ಮ ವಾಪಸ್ ಬಂದ!" ಎಂದು ಅಂಗಳದಲ್ಲಿ ನಿಂತು ಕೂಗಿದಳು.

ಹಿಂದಿರುಗಿದವರನ್ನು ಬರಮಾಡಿಕೊಳ್ಳಲು ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಪ್ರತಿಯೊಬ್ಬರ ಬಟ್ಟಲಿನಲ್ಲಿ ಅವರವರ ಅಳತೆಯ ಗೀರು ಇರುತ್ತಿತ್ತು. ಊರು ಬಿಟ್ಟು ಹೋದವರು, ಬಾಣಂತನ ಮುಗಿಸಿ ಬಂದವರು, ಮುನಿಸಿಕೊಂಡು ಹೋಗಿ ತಿರುಗಿ ಬಂದವರು, ಯಾರೇ ಇರಲಿ, ಅವರ ಹಳೆಯ ಬಟ್ಟಲನ್ನು ತೆಗೆದು ಹಳೆಯ ಗೀರಿನವರೆಗೆ ತುಂಬಿ ಕೊಡಬೇಕು. ನೀನು ಇಲ್ಲದಿದ್ದಾಗಲೂ ನಿನ್ನ ಜಾಗ ಹಾಗೇ ಇತ್ತು ಎಂದು ಅದರ ಅರ್ಥ. ಒಂದು ಹನಿ ಕಮ್ಮಿ ಸುರಿದರೂ ಅದು ಅವಮಾನ. 'ಅವರ ಅಳತೆ ತಗ್ಗಿಸಿದರು' ಎಂಬುದು ಆ ಊರಿನಲ್ಲಿ ಅತ್ಯಂತ ಕೆಟ್ಟ ಮಾತು. ಚೆಂದದ ಪದ್ಧತಿಯೇ. ಅಕ್ಕನೂ ತಮ್ಮನ ಬಟ್ಟಲಿಗೆ ಗೀರಿನವರೆಗೆ ಗಂಜಿ ಹೊಯ್ದಳು. ಬಡಕಲಾದವನು ಅರ್ಧ ಕುಡಿಯುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡ. ಅದು ಏನನ್ನು ಹೇಳುತ್ತಿದೆ ಎಂದು ಅವಳು ಕೇಳಿಸಿಕೊಳ್ಳಲಿಲ್ಲ. "ಬರ್ತಾ ಬರ್ತಾ ಹಿಡಿಸುತ್ತೆ ಬಿಡು," ಎಂದಳು.

ಅವನು ಬಾವಿಯ ಕೆಲಸಕ್ಕೆ ಹೋದ. ದಣಿದವರಿಗೆ ನಿಲ್ಲಲು ಹೋದ. ಹಗ್ಗದವನು ಆ ಗೇಣುದ್ದದ ನೆರಳು ನೋಡಿ ನಕ್ಕ.

"ಇದ್ರಲ್ಲಿ ಯಾರಪ್ಪ ಕೂರ್ತಾರೆ? ಇಲಿಮರಿ ಕೂರಬಹುದು!"

ಹಗ್ಗದವನಿಗೆ ಅದು ತಮಾಷೆ. ಕೇಳಿದವರೆಲ್ಲ ನಕ್ಕರು. ತಮ್ಮನೂ ನಕ್ಕ. ನಗುತ್ತಲೇ ಗುದ್ದಲಿ ಇಟ್ಟು, ನಗುತ್ತಲೇ ಊರು ದಾಟಿ, ಬೇಲಿಯ ಹಿತ್ತಿಲಿಗೆ ಹೋದ.

ಹಿತ್ತಿಲಿನಲ್ಲಿ ಯಾರೂ ಅವನ ಕಾಲ ಬುಡ ನೋಡಲಿಲ್ಲ. ಅಲ್ಲಿ ಕೂತಿದ್ದವರಿಗೆ ಯಾರಿಗೂ ನೆರಳಿರಲಿಲ್ಲ, ಆದರೆ ಅವರೂ ಅದೇ ಊರಿನವರು. ತಂಪಿನವನ ಹತ್ತಿರ ಇರುವುದು ಕತ್ತರಿ ಮಾತ್ರ, ಪದ್ಧತಿ ಅವರು ತಮ್ಮ ಮನೆಗಳಿಂದ ತಂದದ್ದು. "ಬಂದ್ಯಾ! ಬಂದ್ಯೇನೋ!" ಎಂದು ಎದ್ದರು. ಅವನ ಹಳೆಯ ಬಟ್ಟಲನ್ನು ಹುಡುಕಿ, ಧೂಳು ಒರೆಸಿ, ಹಳೆಯ ಗೀರಿನವರೆಗೆ ತಂಪು ತುಂಬಿದರು. ಒಂದು ಹನಿ ಕಮ್ಮಿ ಮಾಡಲಿಲ್ಲ. ಪ್ರೀತಿಯಿಂದಲೇ ಕೊಟ್ಟರು. ಅವನೂ ಪ್ರೀತಿಯಿಂದಲೇ ತೆಗೆದುಕೊಂಡ.

ಬಟ್ಟಲು ಹಳೆಯದು, ಮೈ ಹೊಸದು. ದೊಡ್ಡ ಗುಂಡಿ ಇದ್ದಾಗ ಹಿಡಿಸುತ್ತಿದ್ದ ತಂಪು, ಗುಂಡಿ ಮುಚ್ಚಿದ ಮೇಲೆ ಎಲ್ಲಿಗೆ ಹೋಗಬೇಕು? ಅದು ದಂಡೆ ಮೀರಿತು. ಎದೆಗೆ ಏರಿತು. ಉಸಿರು ಇರುವ ಕೋಣೆಗೆ ನುಗ್ಗಿತು. ತಮ್ಮ ಗೋಡೆಗೆ ಒರಗಿದ, ಜಾರಿದ. ಗಂಟಲಿನಲ್ಲಿ ಗೊರಕೆಯಂಥ ಸದ್ದು ಬಂತು. ನಿದ್ದೆ ಎಂದುಕೊಂಡರು. ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ ದೂರ ಹೆಚ್ಚಿತು. ತುಟಿ ನೇರಳೆಹಣ್ಣು ತಿಂದಂತೆ ಕಪ್ಪಾಯಿತು.

"ಸತ್ತ!" ಎಂದಿತು ಒಂದು ದನಿ. ಹತ್ತಿರ ಸಿಕ್ಕವರೇ ಕೊಂದವರು ಎಂಬ ಕಟ್ಟಳೆ ಎಲ್ಲರ ಕಿವಿಯಲ್ಲೂ ಇತ್ತು, ಅದೂ ಡಂಗುರದವಳ ದನಿಯಲ್ಲೇ ಇತ್ತು. ಬೇಲಿ ಹಾರಿ ದಿಕ್ಕಾಪಾಲಾದರು. ತಂಪಿನವನು ಗಡಿಗೆ ಎತ್ತಿಕೊಂಡು ಎಲ್ಲರಿಗಿಂತ ಮೊದಲೇ ಹೋಗಿದ್ದ.

ಓಡದೆ ಉಳಿದವಳು ಒಬ್ಬಳೇ. ಒಂದು ಕಾಲಕ್ಕೆ ಚೌಕದಲ್ಲಿ ಹೂ ಮಾರುತ್ತಿದ್ದ ಹೂವಿನವಳು. ನೆರಳು ಕಳೆದುಕೊಂಡ ಮೇಲೆ ಅವಳು ಚೌಕಕ್ಕೆ ಕಾಲಿಟ್ಟಿರಲಿಲ್ಲ. ಅವಳು ತಮ್ಮನ ಮೂಗಿನ ಹತ್ತಿರ ಅಂಗೈ ಹಿಡಿದಳು. ಇನ್ನೂ ಒಂದು ಎಳೆ ಉಸಿರಿತ್ತು. ಅವಳೂ ಓಡಿದಳು, ಆದರೆ ಊರಿನ ಕಡೆಗೆ. ಎಲ್ಲರೂ ನೋಡುವಂತೆ, ನೆರಳಿಲ್ಲದ ಕಾಲುಗಳನ್ನು ಬಿಸಿಲಿನಲ್ಲಿ ತೋರಿಸಿಕೊಂಡು, ಚೌಕದ ನಟ್ಟನಡುವೆ ಬಂದು ನಿಂತಳು.

ಕಟ್ಟೆಯ ಮೇಲೆ ಡಂಗುರದವಳು ಸಾರುತ್ತಿದ್ದಳು. "...ಹತ್ರ ಸಿಕ್ಕವರೇ ಕೊಂದವರು!"

"ಅಕ್ಕಾ, ನಿನ್ನ ತಮ್ಮ ಬಿದ್ದವ್ನೆ! ಉಸಿರು ನಿಲ್ತಾ ಐತೆ, ಬಾ!"

ಡಂಗುರದವಳು ಕಟ್ಟೆಯಿಂದ ಕೆಳಗೆ ಹಾರಿದಳು. ಜನ ಹಿಂದೆ ಸರಿದರು. ಹಿರಿಯ ಕೋಲು ಅಡ್ಡ ಹಿಡಿದ.

"ಹೋಗಬೇಡ. ಅವನು ನಿನ್ನ ಕೈಯಲ್ಲೇ ಸತ್ರೆ ನೀನೇ ಕೊಂದವಳಾಗ್ತೀಯ. ಈಗ ತಾನೇ ನಿನ್ನ ಬಾಯಲ್ಲೇ ಹೇಳ್ದೆ."

"ಹೇಳ್ದೆ, ಹೌದು," ಎಂದಳು. "ನನ್ನ ಬಾಯಿಗೆ ಬೇರೆ ಕೆಲಸ ಬಂದಿದೆ, ದಾರಿ ಬಿಡಿ." ಡಂಗುರವನ್ನು ಹೆಗಲಿಗೆ ಹಾಕಿಕೊಂಡು, ಕೋಲಿನ ಕೆಳಗೆ ನುಸುಳಿ ಓಡಿದಳು.

ಹಿತ್ತಿಲಿನಲ್ಲಿ ತಮ್ಮ ಒಬ್ಬನೇ ಬಿದ್ದಿದ್ದ. ಅವನು ಹುಟ್ಟಿದ ದಿನ ಅಕ್ಕ ಬಾಗಿಲ ಸಂದಿಯಿಂದ ನೋಡಿದ್ದಳು. ಕೂಸು ಅಳಲಿಲ್ಲ, ನೀಲಿಗಟ್ಟಿತ್ತು, ಸೂಲಗಿತ್ತಿ ಬಾಯಿಗೆ ಬಾಯಿಟ್ಟು ಊದಿದ್ದಳು. ಅಕ್ಕ ಯೋಚಿಸುತ್ತ ನಿಲ್ಲಲಿಲ್ಲ. ಅವನ ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಊದಿದಳು. ಎದೆ ಏರಿತು. ಬಿಟ್ಟಳು, ಇಳಿಯಿತು. ತಾನಾಗಿ ಮತ್ತೆ ಏರಲಿಲ್ಲ. ಅವಳು ಊದಿದಳು.

"ಡಂಗುರ ತಗೋ," ಎಂದಳು ಹೂವಿನವಳಿಗೆ. "ನಿಧಾನಕ್ಕೆ ಬಡಿ. ಒಂದು ಪೆಟ್ಟಿಗೆ ಒಂದು ಉಸಿರು."

ಹೂವಿನವಳು ಬಡಿದಳು. ಅದು ಏಳುವ ಪೆಟ್ಟಲ್ಲ, ಒರಗುವ ಪೆಟ್ಟಲ್ಲ. ಊರು ಅಂಥ ಪೆಟ್ಟನ್ನು ಕೇಳಿರಲಿಲ್ಲ. ಒಂದು ಪೆಟ್ಟು, ಒಂದು ಉಸಿರು. ಒಂದು ಪೆಟ್ಟು, ಒಂದು ಉಸಿರು. ಒಲೆಯ ಮುಂದಿದ್ದವರು ಎದ್ದರು, ನಿಂತಿದ್ದವರು ನಡೆದರು. ಬಂದು ಬೇಲಿಯ ಆಚೆ ಸಾಲಾಗಿ ನಿಂತರು. ಒಳಗೆ ಯಾರೂ ಕಾಲಿಡಲಿಲ್ಲ. ಕಟ್ಟಳೆ ಬೇಲಿಗಿಂತ ಎತ್ತರವಾಗಿತ್ತು.

ಅಕ್ಕನಿಗೆ ತಲೆ ಸುತ್ತಿತು. ಕಣ್ಣು ಕತ್ತಲೆಗಟ್ಟಿತು. ಎರಡು ಉಸಿರಿನ ನಡುವೆ ತಲೆಯೆತ್ತಿ ಅವಳು ಕೂಗಿದಳು. ಊರನ್ನೇ ಎಬ್ಬಿಸುತ್ತಿದ್ದ ಆ ಗಂಟಲಿನಿಂದ ಈಗ ಹರಕು ದನಿ ಬಂತು.

"ನನ್ನ ಉಸಿರು ಮುಗೀತಾ ಇದೆ. ಯಾರಾದ್ರೂ ಒಂದು ಉಸಿರು ಕೊಡ್ರೋ!"

ಯಾರೂ ಅಲುಗಾಡಲಿಲ್ಲ. ಆಮೇಲೆ ಹಗ್ಗದವನು ಬೇಲಿ ಕಿತ್ತ. ಸರಿಸಲಿಲ್ಲ, ಹಾರಲಿಲ್ಲ, ಬುಡಸಮೇತ ಕಿತ್ತು ಬಿಸಾಡಿದ. ಅಳುತ್ತಿದ್ದ. "ಸರಿ ಅಕ್ಕಾ, ಸರಿ. ಹೆಂಗೆ ಊದೋದು ಹೇಳು. ಹಾಳು ನಾಲಿಗೆ ನಂದು, ಇದಕ್ಕಾದ್ರೂ ಬರ್ಲಿ."

ಅವನು ಊದಿದ. ಅವನು ದಣಿದಾಗ ಸುಣ್ಣ ಸುಡುವವಳು ಬಂದು ಊದಿದಳು. ಅವಳ ನಂತರ ಅವಳ ಅತ್ತೆ. ಬೇಲಿ ಜಗಳದವರು ಇಬ್ಬರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಬಂದರು. ಡಂಗುರದ ಪೆಟ್ಟು ತಪ್ಪಲಿಲ್ಲ. ತಮ್ಮನ ಎದೆ ಊರಿನವರ ಉಸಿರಿನಿಂದ ಏರಿತು, ಇಳಿಯಿತು, ಏರಿತು.

ಹಿರಿಯ ಕೋಲು ಊರಿಕೊಂಡು ಕೊನೆಗೆ ಬಂದು ಮುಟ್ಟಿದ. ಹಿತ್ತಿಲ ತುಂಬ ಜನ.

"ಅವನು ಸತ್ರೆ ಹತ್ರ ಇದ್ದವರೇ ಕೊಂದವರು," ಎಂದ. ರೂಢಿಯ ಮಾತು, ತಡೆಯಲಾಗಲಿಲ್ಲ.

"ಎಲ್ಲಾರೂ ಹತ್ರಾನೇ ಇದ್ದೀವಿ ಹಿರೀಕರೇ," ಎಂದಳು ಸುಣ್ಣ ಸುಡುವವಳು. "ದೂರ ಇರೋರು ನೀವೊಬ್ರೇ. ಕೊಂದೋರು ಯಾರು ಅಂತ ಈಗ ನೀವೇ ಹೇಳಿ."

ಹಿರಿಯ ಸುತ್ತ ನೋಡಿದ. ಕೋಲು ನೆಲಕ್ಕೆ ಹಾಕಿ, ಮಂಡಿಯೂರಿ, ಸರದಿಯಲ್ಲಿ ಕೂತ. ಅವನ ಉಸಿರು ಬಹಳ ಸಣ್ಣದು, ಆದರೂ ಲೆಕ್ಕಕ್ಕೆ ಬಂತು.

ತಂಪು ಬೆವರಾಗಿ ಇಳಿಯತೊಡಗಿತು. ತಮ್ಮನ ಹಣೆಯಿಂದ, ಕಂಕುಳಿನಿಂದ ಕಪ್ಪು ನೀರು ಹರಿದು ಮಣ್ಣಿಗೆ ಇಂಗಿತು. ಒಂದು ಪೆಟ್ಟಿಗೆ ಅವನ ಎದೆ ಯಾರೂ ಊದದೆಯೇ ಏರಿತು. ಹೂವಿನವಳ ಕೈ ಗಾಳಿಯಲ್ಲೇ ನಿಂತಿತು. ಎಲ್ಲರೂ ಕಾದರು. ಮತ್ತೆ ಏರಿತು. ಅಕ್ಕ ಅವನನ್ನು ಮಗ್ಗುಲಿಗೆ ಹೊರಳಿಸಿ, ತಲೆಗೆ ತನ್ನ ತೊಡೆ ಕೊಟ್ಟು ಕೂತಳು. ಅವಳು ಜೋರಾಗಿ ಅತ್ತಳು. ಆ ಗಂಟಲಿಗೆ ಮೆಲ್ಲಗೆ ಅಳುವುದು ಬರುತ್ತಿರಲಿಲ್ಲ.

ತಮ್ಮ ಕಣ್ಣು ಬಿಟ್ಟ. ಅಷ್ಟು ಜನರ ಉಸಿರು ಉಂಡವನು ಕೈ ಮುಗಿಯುತ್ತಾನೆ ಎಂದು ಜನ ಕಾದಿದ್ದರು. ಅವನು ಕನಲಿದ.

"ಯಾಕೆ ಎಬ್ಬಿಸಿದ್ರಿ? ಯಾರು ಕೇಳಿದ್ರು ನಿಮ್ಮನ್ನ? ನಾಳೆ ಮತ್ತೆ ಕುಡೀತೀನಿ, ಏನ್ ಮಾಡ್ತೀರ?"

ಹಗ್ಗದವನ ಮುಖ ಬಾಡಿತು. "ನೋಡಿದ್ರಾ?" ಎಂದು ಯಾರೋ ಗೊಣಗಿದರು. ಅಕ್ಕ ಮಾತ್ರ ಬೆಚ್ಚಲಿಲ್ಲ. ಉರಿ ಮಾತಾಡುವುದು ಹೀಗೆ ಎಂದು ಬಾಗಿಲ ಹಿಂದೆ ನಿಂತಾಗ ಕಲಿತಿದ್ದಳು. ಅವಳು ತಮ್ಮನ ತಲೆಯನ್ನು ಹೂವಿನವಳ ತೊಡೆಗೆ ದಾಟಿಸಿ, ಎದ್ದು ನಿಂತು, ಕಟ್ಟೆಯೂ ಇಲ್ಲದ ಆ ನೆಲದ ಮೇಲೆ ನಿಂತೇ ಸಾರಿದಳು.

"ಕೇಳ್ರಪ್ಪೋ ಕೇಳ್ರಿ! ಬಿದ್ದವರನ್ನ ಬಿಟ್ಟು ಓಡಬೇಡಿ, ಕೂಗಿ ಕರೀರಿ, ಉಸಿರು ಕೊಡಿ! ಹತ್ರ ಸಿಕ್ಕವರು ಕೊಂದವರಲ್ಲ, ಕಾಪಾಡಿದವರು! ವಾಪಸ್ ಬಂದವರಿಗೆ ಹಳೇ ಅಳತೆ ಅಂತ ಹೊಯ್ದು ಕೊಡಬೇಡಿ. ಗಂಜಿ ಆದ್ರೂ ಕೇಳಿ ಬಡಿಸಿ. ತಂಪಿಗೆ ಮಾತ್ರ ಯಾವ ಅಳತೇನೂ ಇಲ್ಲ, ನಿನ್ನೆ ಬದುಕಿಸಿದ ಗುಟುಕೇ ಇವತ್ತು ಕೊಲ್ಲುತ್ತೆ! ನಾನು ಇಷ್ಟು ದಿನ ಸಾರಿದ್ದು ಸುಳ್ಳು. ಈಗ ಸಾರ್ತಿರೋದು ನಿಜ!"

ಬೇಲಿಯಾಚೆಗೆ ಓಡಿದ್ದವರು ಒಬ್ಬೊಬ್ಬರಾಗಿ ತಿರುಗಿ ಬಂದು, ತಲೆ ತಗ್ಗಿಸಿಕೊಂಡು ಜನರ ಹಿಂದೆ ನಿಂತರು. ಯಾರೂ ಅವರಿಂದ ಸರಿದು ನಿಲ್ಲಲಿಲ್ಲ.

ತಂಪಿನವನು ಬೇರೆ ಕಡೆ ಗಡಿಗೆ ಇಟ್ಟ ಎಂಬ ಸುದ್ದಿ ಬೇಗನೇ ಬಂತು. ಅವನಿಗೆ ಊರುಗಳ ಬರವಿಲ್ಲ. ಅಕ್ಕ ಅವನ ಹಿಂದೆ ಓಡಲಿಲ್ಲ. ತಮ್ಮನನ್ನೂ ಹೂವಿನವಳನ್ನೂ ಮನೆಗೆ ಕರೆದೊಯ್ದಳು. ಈ ಸಲ ಬಾಗಿಲು ಹಾಕಲಿಲ್ಲ. ನಿಲ್ಲುವವರು ಪಾಳಿಯ ಮೇಲೆ ಬಂದು ಹೋಗುತ್ತಿದ್ದರು. ಈ ಸಲ ಅವಳು 'ಮುಗೀತು' ಎಂದು ಕೂಗಲೂ ಇಲ್ಲ.

ಉರಿ ಮತ್ತೆ ಬಂತು. ನಡುಕ ಬಂತು, ಬೈಗುಳ ಬಂತು, ಕಣ್ಣೀರು ಬಂತು. ಅವೆಲ್ಲ ಬಂದು ಹೋದ ಮೇಲೆ ತಮ್ಮ ಅಕ್ಕನ ಕಡೆಗೆ ಹೊರಳಿದ. ಅವಳ ಸೆರಗಿನ ತುದಿಯನ್ನು ಹಿಡಿದುಕೊಂಡ.

"ಅಕ್ಕಾ, ಭಯ ಆಗ್ತಿದೆ," ಎಂದ.

ತಂಪು ಕುಡಿದ ಅಷ್ಟು ಕಾಲದಲ್ಲಿ ಅವನು ಈ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಅವನಿಗೆ ಯಾವ ಭಯವೂ ಇರಲಿಲ್ಲ, ಸಾಯುವಾಗಲೂ ಇರಲಿಲ್ಲ. ಅವಳಿಗೆ ನಗು ಬಂತು, ನಗುವಿನ ಜೊತೆ ಕಣ್ಣು ತುಂಬಿತು.

"ಭಯಪಡೋಕೆ ಉಸಿರು ಬೇಕು ಕಣೋ," ಎಂದಳು. "ನಿಂಗೆ ಇದೆ. ಪಡು, ಎಷ್ಟು ಬೇಕೋ ಅಷ್ಟು ಪಡು. ನಾನು ಇಲ್ಲೇ ಇದ್ದೀನಿ."